ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದ್ದೀರಾ?

ಥಾರ್, ಜಿಮ್ನಿ, ಗೂರ್ಖಾದ ಜಾಹೀರಾತು ನೋಡಿದ್ದೀರಲ್ಲ? ಗಾಡಿ ಬಂಡೆ ಹತ್ತುತ್ತದೆ, ಹೊಳೆ ದಾಟುತ್ತದೆ, ಕೆಸರು ಹಾರಿಸುತ್ತದೆ. ಹಿಂದಿನ ಬಾಗಿಲು ತೆರೆದರೆ ಒಂದು ಟೆಂಟು, ಒಂದು ಗಿಟಾರು. ಅದೇ ಗಾಡಿ ನಮ್ಮ ಸಾಲಿಗ್ರಾಮಕ್ಕೆ ಬಂದು ಭಾನುವಾರ ಮಧ್ಯಾಹ್ನ ಬೆಂಗಳೂರಿಗೆ ಹೊರಟು ನಿಂತಾಗ ಹಿಂದೆ ಏನಿರುತ್ತದೆ ಅಂತ ಜಾಹೀರಾತಿನವರಿಗೆ ಗೊತ್ತಿಲ್ಲ. ಇಪ್ಪತ್ತು ಸುಲಿದ ತೆಂಗಿನಕಾಯಿ, ಕುಚ್ಚಲಕ್ಕಿ ಚೀಲ, ಅರ್ಧ ಗೊನೆ ಬಾಳೆಹಣ್ಣು, ತೆಂಗಿನೆಣ್ಣೆ ಕ್ಯಾನು, ಉಪ್ಪುನೀರಲ್ಲಿ ಮುಳುಗಿದ ಮಾವಿನ ಮಿಡಿಯ ಭರಣಿ. ಇವೆಲ್ಲದರ ಮೇಲೆ ಕೊನೇ ಗಳಿಗೆಯಲ್ಲಿ ಬಂದು ಕೂತ ಬಂಗುಡೆಯ ಥರ್ಮಾಕೋಲ್ ಪೆಟ್ಟಿಗೆ.

ಹಾಗಾಗಿ ಈ ಸಲದ ಅಂಕಣ ಡಿಕ್ಕಿಯ ಬಗ್ಗೆ. ಎಂಜಿನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಟೈರಿನ ಬಗ್ಗೆಯಂತೂ ಕೇಳುವುದೇ ಬೇಡ. ಡಿಕ್ಕಿ ಮಾತ್ರ ಯಾರಿಗೂ ಬೇಡದ ಕೂಸು. ಅಲ್ಲಿ ಒಂದು ಚಂದದ ಮ್ಯಾಟ್ ಹಾಕಿಸಿದರೆ ಕೆಲಸ ಮುಗಿಯಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ.

ಮೊದಲು ಜಾಗ ಎಷ್ಟಿದೆ ನೋಡಿ. 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ ಹಿಂದಿನ ಸೀಟು ನಿಂತಿರುವಾಗ ಸಿಗುವ ಜಾಗ 208 ಲೀಟರ್. ಮೂರು ಬಾಗಿಲಿನ ಥಾರ್‌ನಲ್ಲಿ ನಾಲ್ಕು ಜನ ಕೂತರೆ ಎರಡು ಬ್ಯಾಗ್ ನಿಲ್ಲಿಸುವುದೂ ಕಷ್ಟ. ಬೆಟ್ಟ ಹತ್ತುವ ಗಾಡಿಗಳ ಹಣೆಬರಹವೇ ಅಷ್ಟು, ನೋಡಲು ದೊಡ್ಡ, ಒಳಗೆ ಚಿಕ್ಕ. ಹಾಗಾಗಿ ಸಾಮಾನೆಲ್ಲ ಒಂದರ ಮೇಲೊಂದು ಕೂರುತ್ತದೆ, ಸೀಟಿನ ಬೆನ್ನಿಗೆ ಒತ್ತಿಕೊಂಡು ಕೂರುತ್ತದೆ, ಒಂದು ಸೋರಿದರೆ ಎಲ್ಲಕ್ಕೂ ತಾಗುತ್ತದೆ.

ಸೋರುವುದು ನೀರಾದರೆ ಚಿಂತೆಯಿಲ್ಲ. ನಮ್ಮಲ್ಲಿ ಸೋರುವುದು ಉಪ್ಪುನೀರು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೀನಿನ ಪೆಟ್ಟಿಗೆಯಿಂದ ಇಳಿಯುವ ನೀರು ಅಷ್ಟು ಉಪ್ಪಲ್ಲ, ಆದರೆ ಅದರಲ್ಲಿ ಮೀನಿನ ರಕ್ತ, ಲೋಳೆ ಎಲ್ಲ ಸೇರಿರುತ್ತದೆ. ಐದು ಕಿಲೋ ಐಸ್ ಹಾಕಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಅದು ಹತ್ತಿರ ಹತ್ತಿರ ಐದು ಲೀಟರ್ ನೀರು. ಥರ್ಮಾಕೋಲ್ ಪೆಟ್ಟಿಗೆಯ ಮೂಲೆ ಘಟ್ಟದ ಕುಲುಕಾಟಕ್ಕೆ ಸೀಳು ಬಿಡುವುದು ನಿಮಗೂ ಗೊತ್ತು. ಮಿಡಿ ಭರಣಿಯ ಉಪ್ಪುನೀರಂತೂ ಸಮುದ್ರಕ್ಕಿಂತ ಜಾಸ್ತಿ ಖಾರ.

ಒರೆಸಿದರೆ ಆಯಿತಲ್ಲ, ಒಣಗುತ್ತದಲ್ಲ ಅಂತ ಕೇಳಬಹುದು. ಇಲ್ಲೇ ಕರಾವಳಿಯ ಕಥೆ ಬೇರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ತಾನಾಗಿಯೇ ನೀರೊಡೆಯುತ್ತದೆ, ನೋಡಿದ್ದೀರಲ್ಲ? ಗಾಳಿಯ ತೇವಾಂಶ ಶೇ 75ರ ಸುತ್ತ ದಾಟಿದರೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗುತ್ತದೆ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಇರುವುದೇ ಅದಕ್ಕಿಂತ ಮೇಲೆ. ಅಂದರೆ ಡಿಕ್ಕಿಯ ನೆಲದಲ್ಲಿ ಒಣಗಿದ ಉಪ್ಪಿನ ಕಲೆ ನಿಜಕ್ಕೂ ಒಣಗಿರುವುದಿಲ್ಲ. ಪ್ರತಿ ರಾತ್ರಿ ಗಾಳಿಯಿಂದ ಒಂದಿಷ್ಟು ನೀರು ಕುಡಿದು ಮತ್ತೆ ಕೆಲಸ ಶುರು ಮಾಡುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ತುಕ್ಕಿನ ವೇಗ ಹೆಚ್ಚುತ್ತದೆ. ಬಯಲುಸೀಮೆಯಲ್ಲಿ ಹತ್ತು ವರ್ಷ ತಾಳುವ ತಗಡು ಇಲ್ಲಿ ಯಾಕೆ ಅಷ್ಟು ತಾಳುವುದಿಲ್ಲ ಎಂಬುದಕ್ಕೆ ಬೇರೆ ಗುಟ್ಟೇನೂ ಇಲ್ಲ.

ಈಗ ನಮ್ಮ ಭಾವನ ಗಾಡಿಯ ವಿಷಯ. ಯಾವ ಗಾಡಿ ಅಂತ ಹೇಳುವುದಿಲ್ಲ, ಯಾಕೆಂದರೆ ತಪ್ಪು ಗಾಡಿಯದ್ದಲ್ಲ. ಅಕ್ಕ, ಭಾವ, ಆರು ವರ್ಷದ ನಮ್ಮ ಮಾಣಿ ಇರುವುದು ಬೆಂಗಳೂರಿನಲ್ಲಿ. ಭಾವ ನಾಲ್ಕು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ತೆಗೆದುಕೊಂಡರು. ತೆಗೆದುಕೊಂಡ ವಾರವೇ ಒಂದು ಆಕ್ಸೆಸರಿ ಅಂಗಡಿಯಲ್ಲಿ ಡಿಕ್ಕಿಗೆ ದಪ್ಪ ಮ್ಯಾಟ್ ಹಾಕಿಸಿದರು. ಮೇಲೆ ಲೆದರ್ ಥರದ ಬಟ್ಟೆ, ಒಳಗೆ ಫೋಮು, ಅಂಚಿಗೆ ಕೆಂಪು ಹೊಲಿಗೆ. ಘಟ್ಟದಲ್ಲಿ ಜಾರಬಾರದು ಅಂತ ಅಂಗಡಿಯವರು ಆರು ಸ್ಕ್ರೂ ಹೊಡೆದು ನೆಲಕ್ಕೇ ಬಿಗಿದುಕೊಟ್ಟಿದ್ದರು. ನೋಡಲು ಚಂದವೋ ಚಂದ.

ಹೋದ ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಗಾಡಿಯೊಳಗೆ ಒಂಥರಾ ವಾಸನೆ. ಮೀನಿನದ್ದೂ ಅಲ್ಲ, ಒದ್ದೆ ಗೋಣಿಯದ್ದೂ ಅಲ್ಲ, ಎರಡೂ ಸೇರಿದ್ದು. ಪರ್ಫ್ಯೂಮ್ ಡಬ್ಬಿ ಇಟ್ಟು ಎರಡು ತಿಂಗಳು ಕಳೆದಾಗಿತ್ತಂತೆ. ಅಪ್ಪಯ್ಯ ಹೇಳಿದ್ದಕ್ಕೆ ಕೋಟದ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆವು. ಭಾವನ ಜೊತೆ ನಾನೂ ಹೋಗಿದ್ದೆ.

ಮೆಕ್ಯಾನಿಕ್ ಎರಡು ಸ್ಕ್ರೂ ಬಿಚ್ಚಿದರು. ಮೂರನೆಯದು ಬಿಚ್ಚುವ ಮೊದಲೇ ಕಿತ್ತು ಬಂತು. ಮ್ಯಾಟ್ ಎತ್ತಿದರೆ ಫೋಮು ಹಿಂಡಿದ ಹಾಗೆ ನೀರು.

‘ಮ್ಯಾಟ್ ಚಂದ ಇತ್ತ್ ಅಕ್ಕ. ಅಡಿ ಕಾಣಿ,’ ಅಂದರು.

ಅಡಿಯಲ್ಲಿ ನೆಲ ಎನ್ನುವುದು ಇರಬೇಕಾದಲ್ಲಿ ಪದರ ಪದರವಾಗಿ ಎದ್ದ ಕಂದು ತುಕ್ಕು. ಆರು ಸ್ಕ್ರೂ ಹೊಡೆದ ಆರು ಕಡೆಯೂ ತಟ್ಟೆಯಷ್ಟಗಲ. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಕುಟ್ಟುತ್ತಾ ಬಂದರು. ಗಟ್ಟಿ ಜಾಗದಲ್ಲಿ ಟಣ್ ಟಣ್, ಕೆಟ್ಟ ಜಾಗದಲ್ಲಿ ದಬ್ ದಬ್. ಹಿಂದಿನ ಸೀಟನ್ನು ನೆಲಕ್ಕೆ ಹಿಡಿದಿಟ್ಟ ಬಲಗಡೆಯ ಬೋಲ್ಟಿನ ಹತ್ತಿರ ಸ್ಕ್ರೂಡ್ರೈವರ್ ಒಳಗೇ ಹೋಯಿತು.

‘ಇದ್ ಮಳಿ ನೀರಲ್ಲ, ಉಪ್ಪ್ ನೀರ್. ಇನ್ನ್ ಎರಡ್ ಮಳ್ಗಾಲ ಕಳದ್ರೆ ಸೀಟ್ ಕೈಗೇ ಬತ್ತ್.’

ಭಾವ ಏನೂ ಮಾತಾಡಲಿಲ್ಲ. ಆ ಬಲಗಡೆಯ ಸೀಟು ನಮ್ಮ ಮಾಣಿಯದ್ದು. ಘಟ್ಟ ಇಳಿಯುವಾಗ ಅವನನ್ನು ಅಲ್ಲೇ ಬೆಲ್ಟ್ ಹಾಕಿ ಕೂರಿಸುವುದು. ಬೆಲ್ಟ್ ಎಷ್ಟೇ ಗಟ್ಟಿ ಇರಲಿ, ಅದು ಸೀಟನ್ನು ನಂಬಿಕೊಂಡಿರುತ್ತದೆ, ಸೀಟು ಬೋಲ್ಟನ್ನು, ಬೋಲ್ಟು ನೆಲದ ತಗಡನ್ನು. ಆ ಸಲ ಅಕ್ಕ ಮತ್ತು ಮಾಣಿ ರಾತ್ರಿ ಬಸ್ಸಿಗೆ ವಾಪಸ್ ಹೋದರು. ಗಾಡಿ ಗ್ಯಾರೇಜಿನಲ್ಲೇ ಉಳಿಯಿತು.

ಸ್ಕ್ರೂ ಯಾಕೆ ಕೆಡುಕು ಅಂತ ಮೆಕ್ಯಾನಿಕ್ ಹೇಳಿದ್ದನ್ನು ನಾನು ಆಮೇಲೆ ಓದಿಕೊಂಡೆ. ಗಾಡಿಯ ತಗಡಿನ ಮೇಲೆ ಕಾರ್ಖಾನೆಯಲ್ಲಿ ಹಾಕಿದ ಪ್ರೈಮರ್ ಮತ್ತು ಬಣ್ಣದ ಪದರಗಳಿರುತ್ತವೆ. ತುಕ್ಕಿನಿಂದ ಕಾಪಾಡುವುದು ಆ ಪದರ. ರಂಧ್ರ ಕೊರೆದ ಕೂಡಲೇ ಅದರ ಅಂಚಿನಲ್ಲಿ ಬೆತ್ತಲೆ ಕಬ್ಬಿಣ. ಮೇಲಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇರೆ. ಎರಡು ಬೇರೆ ಬೇರೆ ಲೋಹ ತಾಗಿಕೊಂಡು ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ ಆಗುತ್ತದೆ. ಅದರಲ್ಲಿ ಸವೆಯುವುದು ಸ್ಕ್ರೂ ಅಲ್ಲ, ಮೆದು ಕಬ್ಬಿಣದ ನೆಲ. ಮೇಲೆ ಫೋಮು ಸ್ಪಂಜಿನ ಹಾಗೆ ಉಪ್ಪುನೀರನ್ನು ಹಿಡಿದು ಒತ್ತಿ ಕೂತಿದೆ. ಇಷ್ಟಾದ ಮೇಲೆ ತುಕ್ಕು ಹಿಡಿಯದಿದ್ದರೆ ಆಶ್ಚರ್ಯ.

ಹಾಗಾದರೆ ಮ್ಯಾಟ್ ಬೇಡವಾ? ಬೇಕು. ಆದರೆ ಎತ್ತಲು ಬರುವಂಥದ್ದು ಬೇಕು. ಹದಿನೈದು ದಿನಕ್ಕೊಮ್ಮೆ ಒಂದೇ ಕೈಯಲ್ಲಿ ಎತ್ತಿ, ಬಾವಿಕಟ್ಟೆ ಹತ್ತಿರ ತೊಳೆದು, ಬಿಸಿಲಿಗೆ ಹಾಕಲು ಬರದ ಮ್ಯಾಟ್ ಎಷ್ಟು ದುಬಾರಿಯದ್ದಾದರೂ ಕರಾವಳಿಗೆ ಅಲ್ಲ. ಈಗ ಎಲ್ಲ ಅಂಗಡಿಯಲ್ಲೂ ಒತ್ತಾಯ ಮಾಡುವ 7ಡಿ ಮ್ಯಾಟ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಊರಿಗೆ ಹೋಗದವರು ಹಾಕಿಸಿಕೊಳ್ಳಲಿ.

ನಮ್ಮ ಥರದವರಿಗೆ ಒಳ್ಳೆಯದು ಅಂಚು ಎದ್ದಿರುವ ಟ್ರೇ ಥರದ ಲೈನರ್. ರಬ್ಬರಿನದ್ದೋ, ಟಿಪಿಇ ಎನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕಿನದ್ದೋ ಸಿಗುತ್ತದೆ. ರಬ್ಬರ್ ಭಾರ, ಆದರೆ ತೆಂಗಿನಕಾಯಿ ಉರುಳುವುದು ಕಮ್ಮಿ. ಟಿಪಿಇ ಹಗುರ, ವಾಸನೆ ಹಿಡಿಯುವುದು ಕಮ್ಮಿ. ಅಗ್ಗದ ಪಿವಿಸಿ ಬಿಸಿಲಿಗೆ ಗಟ್ಟಿಯಾಗಿ ಸೀಳುತ್ತದೆ, ಅದರ ವಾಸನೆಯೇ ಮೀನಿಗಿಂತ ಜೋರು. ಅಂಚಿನ ಎತ್ತರ ನೋಡಿ ತೆಗೆದುಕೊಳ್ಳಿ. 90 ಸೆಂಟಿಮೀಟರ್ ಉದ್ದ, 40 ಅಗಲದ ಟ್ರೇಗೆ ಮೂರು ಸೆಂಟಿಮೀಟರ್ ಅಂಚಿದ್ದರೆ ಲೆಕ್ಕಕ್ಕೆ ಸುಮಾರು ಹನ್ನೊಂದು ಲೀಟರ್ ಹಿಡಿಯುತ್ತದೆ. ಘಟ್ಟದಲ್ಲಿ ಗಾಡಿ ವಾಲುವಾಗ ಅಷ್ಟೆಲ್ಲ ನಿಲ್ಲುವುದಿಲ್ಲ, ಆದರೂ ಐದು ಕಿಲೋ ಐಸಿನ ನೀರಿನಲ್ಲಿ ದೊಡ್ಡ ಪಾಲು ಒಳಗೇ ಉಳಿಯುತ್ತದೆ. ಅಂಚೇ ಇಲ್ಲದ ಚಪ್ಪಟೆ ಮ್ಯಾಟ್ ಹಾಕಿದರೆ ನೀರು ಬದಿಯಿಂದ ಇಳಿದು ಕೆಳಗೆ ಸೇರುತ್ತದೆ, ಮೇಲೆ ಒಣಗಿಯೇ ಕಾಣುತ್ತದೆ. ಅದು ಮ್ಯಾಟ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ಟ್ರೇ ಜಾರಬಾರದು ಅಂತಾದರೆ ಸ್ಕ್ರೂ ಬೇಡ. ಗಾಡಿಯಲ್ಲೇ ಇರುವ ಕೊಕ್ಕೆಗಳಿಗೆ ಕಟ್ಟಿ, ಇಲ್ಲವಾದರೆ ವೆಲ್ಕ್ರೋ ಪಟ್ಟಿ ಸಾಕು.

ಪಿಕಪ್ ಇರುವವರಿಗೆ ಲೆಕ್ಕ ಬೇರೆ. ಕೆಂಪುಕಲ್ಲು, ಜಲ್ಲಿ, ಮೀನಿನ ಕ್ರೇಟು, ಮದುವೆ ಪಾತ್ರೆ ಎಲ್ಲ ಹೇರುವ ಗಾಡಿಗೆ ಟ್ರೇ ಏನೂ ಸಾಲದು. ಅಲ್ಯೂಮಿನಿಯಂ ಚೆಕರ್ಡ್ ಶೀಟ್ ಹಾಕಿಸುವುದು ಕೆಲವರ ಅಭ್ಯಾಸ, ಹೊಳೆಯುತ್ತದೆ ಅಂತ. ಅದನ್ನು ನೇರ ಕಬ್ಬಿಣದ ಮೇಲೆ ರಿವೆಟ್ ಹೊಡೆದರೆ ಮತ್ತೆ ಅದೇ ಬ್ಯಾಟರಿ ಕಥೆ, ಈ ಸಲ ಸವೆಯುವುದು ಅಲ್ಯೂಮಿನಿಯಂ. ಹಾಕಲೇಬೇಕಾದರೆ ನಡುವೆ ರಬ್ಬರ್ ಪಟ್ಟಿ ಇರಲಿ, ಗಾಳಿಯಾಡುವ ಸಂದು ಇರಲಿ. ಹಳೇ ಕನ್ವೇಯರ್ ಬೆಲ್ಟಿನ ತುಂಡು ಸಿಕ್ಕಿದರೆ ಅದರಷ್ಟು ಗಟ್ಟಿ ಮ್ಯಾಟ್ ಇಲ್ಲ, ಕಲ್ಲು ಬಿದ್ದರೂ ಬಣ್ಣಕ್ಕೆ ಏಟು ತಾಗದು.

ಇನ್ನು ಸ್ಪ್ರೇ ಲೈನರ್. ಪಾಲಿಯೂರಿಯಾ, ಪಾಲಿಯುರೆಥೇನ್ ಅಂತ ಹೇಳುತ್ತಾರಲ್ಲ, ಒರಟು ಕಪ್ಪು ಬಣ್ಣದ ಹಾಗೆ ನೆಲಕ್ಕೆ ಹೊಡೆಯುವುದು. ಒಳ್ಳೆಯ ವಸ್ತು, ನಿಜ. ತಗಡಿಗೆ ಅಂಟಿಕೊಂಡೇ ಇರುವುದರಿಂದ ಅಡಿಗೆ ನೀರು ಹೋಗಲು ಜಾಗವೇ ಇಲ್ಲ. ಆದರೆ ತುಕ್ಕಿನ ಮೇಲೆ ಹೊಡೆದರೆ ಹುಳುಕು ಹಲ್ಲಿಗೆ ಬಂಗಾರದ ಕವಚ ಹಾಕಿದ ಹಾಗೆ, ಒಳಗಿಂದೊಳಗೇ ತಿನ್ನುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನೆಲ ಪೂರ್ತಿ ಕೆರೆದು, ತೊಳೆದು, ಒಣಗಿಸಿ ಹೊಡೆಯಬೇಕು. ಮಳೆಗಾಲದಲ್ಲಂತೂ ಬೇಡವೇ ಬೇಡ. ಇನ್ನೊಂದು, ನೆಲದಲ್ಲಿ ನೀರು ಇಳಿದುಹೋಗಲು ಇರುವ ತೂತುಗಳನ್ನು ಸ್ಪ್ರೇ ಮಾಡುವ ಹುಡುಗರು ಸಲೀಸಾಗಿ ಮುಚ್ಚಿಬಿಡುತ್ತಾರೆ. ಎದುರು ನಿಂತು ನೋಡಿಕೊಳ್ಳಿ.

ಆ ತೂತಿಗೆ ದೊಡ್ಡ ಇತಿಹಾಸವೇ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ನೆಲದಲ್ಲೇ ನೀರು ಬಿಡುವ ತೂತಿತ್ತು, ಹೊಳೆ ದಾಟಿದ ಮೇಲೆ ತೆರೆಯುವುದಕ್ಕೆ. ಅದೇ ಜೀಪಿನ ವಂಶವನ್ನು ಮಹೀಂದ್ರ 1940ರ ದಶಕದ ಕೊನೆಯಲ್ಲಿ ಮುಂಬೈಗೆ ತಂದಿತು. ಮುಂದೆ ಮಲೆನಾಡಿನ ತೋಟಗಳಿಗೆ, ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಗಾಡಿಗಳಿಗೆ ಎಲ್ಲ ಅದೇ ಮೂಲ. ನಾನು ಕೊಡಚಾದ್ರಿಗೆ ಹತ್ತಿದ ಜೀಪಿನ ಹಿಂಬದಿಯಲ್ಲಿ ಕಾರ್ಪೆಟ್ಟೂ ಇರಲಿಲ್ಲ, ಮ್ಯಾಟೂ ಇರಲಿಲ್ಲ. ಬರೀ ಬಣ್ಣ ಹೊಡೆದ ತಗಡು, ಎರಡು ಬೆಂಚು. ಕೆಸರಾದರೆ ಪೈಪ್ ಹಿಡಿದು ತೊಳೆಯುವುದು, ನೀರು ತೂತಿನಲ್ಲಿ ಹೋಯಿತು. 2020ರ ಅಕ್ಟೋಬರ್ 2ರಂದು ಬಂದ ಹೊಸ ಥಾರ್‌ನಲ್ಲೂ ತೊಳೆಯಬಹುದಾದ ನೆಲ, ಅದಕ್ಕೆ ಡ್ರೇನ್ ಪ್ಲಗ್ ಕೊಟ್ಟರು. ನಾವು ಮಾಡುವುದೇನು? ಅದರ ಮೇಲೆ ಫೋಮ್ ಹಾಸಿ ಹೊಲಿಗೆ ಹಾಕಿಸುವುದು.

ತೊಳೆಯುವ ಮಾತು ಬಂತಲ್ಲ, ಇದು ಊರಿನವರಿಗೆ ಮಾತ್ರ ಹೊಳೆಯುವ ವಿಷಯ. ತೊಳೆಯುವ ನೀರು ಯಾವುದು? ಸಾಲಿಗ್ರಾಮದ ಪಡುಗಡೆಗೆ ಪಾರಂಪಳ್ಳಿ, ಕೋಡಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹಿನ್ನೀರು. ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಊರೂ ಆ ಕೋಡಿಯೇ. ಈಗ ಅಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕಿಂಗ್ ಮಾಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಈ ಕಡೆಯ ಎಷ್ಟೋ ಬಾವಿಗಳ ನೀರು ಏಪ್ರಿಲ್, ಮೇ ಬಂತೆಂದರೆ ಸವಳಾಗುತ್ತದೆ. ಆ ನೀರಲ್ಲಿ ಗಾಡಿಯ ಒಳಗೆ ತೊಳೆದರೆ ಉಪ್ಪು ತೆಗೆದ ಹಾಗಲ್ಲ, ಹಾಕಿದ ಹಾಗೆ. ತೊಳೆಯುವ ಮುಂಚೆ ಒಂದು ಗುಟುಕು ಬಾಯಿಗೆ ಹಾಕಿ ನೋಡಿ. ಕುಡಿಯಲು ಆಗದ ನೀರು ಗಾಡಿಗೂ ಬೇಡ.

ಕಯಾಕಿಂಗ್ ಮುಗಿಸಿ ಒದ್ದೆ ಬಟ್ಟೆ, ಮರಳು ಮೆತ್ತಿದ ಚಪ್ಪಲಿ ಎಲ್ಲ ಡಿಕ್ಕಿಗೆ ಎಸೆಯುವವರಿಗೂ ಇದೇ ಮಾತು. ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಳ್ಳಿ, ಒದ್ದೆಯೆಲ್ಲ ಅದರೊಳಗೆ. ಸಮುದ್ರದ ದಂಡೆ ಮೇಲೆ ಗಾಡಿ ಓಡಿಸಿ ರೀಲ್ಸ್ ಮಾಡುವವರ ಬಗ್ಗೆ ಬರೆಯಲು ಹೊರಟರೆ ಈ ಅಂಕಣ ಸಾಲದು. ಗಾಡಿ ಹಾಳಾಗುವುದು ಅವರ ಹಣೆಬರಹ. ಕುಂದಾಪುರದ ಕೋಡಿ ಕಡಲತೀರದಂಥ ಜಾಗಗಳಲ್ಲಿ ಕಡಲಾಮೆಗಳು ಬಂದು ಮರಳಿನಡಿ ಮೊಟ್ಟೆ ಇಡುತ್ತವೆ, ಅದರ ಮೇಲೆ ಚಕ್ರ ಹತ್ತಿದರೆ ಕೇಳುವವರಿಲ್ಲ.

ಸೋರುವ ನೀರು ಗಾಡಿಯ ಒಳಗೆ ನಿಂತರೆ ಒಂದು ತೊಂದರೆ, ಹೊರಗೆ ಬಿದ್ದರೆ ಇನ್ನೊಂದು. ಹೆದ್ದಾರಿ 66ರಲ್ಲಿ ಬೈಕ್ ಓಡಿಸುವವರಿಗೆ ಇದು ಗೊತ್ತು. ಮೀನಿನ ಲಾರಿಯಿಂದ ಬೀಳುವ ನೀರಿನಲ್ಲಿ ಎಣ್ಣೆ, ಲೋಳೆ ಇರುತ್ತದೆ, ತಿರುವಿನಲ್ಲಿ ಬ್ರೇಕ್ ಹಾಕಿದರೆ ಬೈಕ್ ಜಾರುತ್ತದೆ. ನೀರು ಹಿಡಿಯುವ ಟ್ಯಾಂಕ್ ಇಲ್ಲದೆ ಓಡಿಸಬೇಡಿ ಅಂತ ಕರಾವಳಿಯ ಪೊಲೀಸರು ಮತ್ತೆ ಮತ್ತೆ ಹೇಳುತ್ತಲೇ ಇದ್ದಾರೆ. ನಾವು ಲಾರಿಯವರಿಗೆ ಬೈಯುತ್ತೇವೆ, ನಮ್ಮ ಡಿಕ್ಕಿಯ ತೂತಿನಿಂದ ಹನಿಯುವುದು ಲೆಕ್ಕಕ್ಕಿಲ್ಲ. ಮೀನು ಹೇರುವಾಗ ಪ್ಲಗ್ ಹಾಕಿರಲಿ, ಮನೆಗೆ ಬಂದು ತೊಳೆಯುವಾಗ ತೆರೆಯಿರಿ.

ಸರಿ, ನಮ್ಮ ಗಾಡಿಗೆ ಏನು ಮಾಡಿದರು ಅಂತ ಹೇಳಿಬಿಡುತ್ತೇನೆ. ಮೊದಲು ಇನ್ನೊಂದು ಕಡೆ ವಿಚಾರಿಸಿದಾಗ, ‘ಪುಟ್ಟಿ ತುಂಬಿಸಿ ಬಣ್ಣ ಹೊಡೆದು ಕೊಡುತ್ತೇವೆ, ಅರ್ಧ ದಿನದ ಕೆಲಸ’ ಅಂದಿದ್ದರು. ಸೀಟಿನ ಬೋಲ್ಟ್ ಇರುವಲ್ಲಿ ಪುಟ್ಟಿ ತುಂಬಿಸುವುದು ಅಂದರೆ ಮಗುವನ್ನು ಸಿಮೆಂಟಿನ ಗೊಂಬೆಗೆ ಕಟ್ಟಿದ ಹಾಗೆ. ನೋಡಲು ನುಣ್ಣಗಿರುತ್ತದೆ, ಬಲ ಸೊನ್ನೆ. ಕೋಟದವರು ನಾಲ್ಕು ದಿನ ಕೇಳಿದರು. ಸೀಟು, ಕಾರ್ಪೆಟ್, ಫೋಮು ಎಲ್ಲ ಹೊರಗೆ ತೆಗೆದರು, ಬ್ಯಾಟರಿ ತಂತಿ ಕಳಚಿದರು. ಕಿಡಿ ಹಾರುವ ಕೆಲಸ, ಪೆಟ್ರೋಲ್ ಟ್ಯಾಂಕ್ ದೂರವಿಲ್ಲ. ಕೊಳೆತ ತಗಡನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡು ಇಟ್ಟು ಸುತ್ತಲೂ ವೆಲ್ಡ್ ಮಾಡಿದರು. ಬೋಲ್ಟಿನ ಅಡಿಗೆ ಅಗಲದ ಪ್ಲೇಟು.

ಮೇಲ್ಪದರದ ತುಕ್ಕು ಮಾತ್ರ ಇದ್ದ ಜಾಗಕ್ಕೆ ಒಂದು ದ್ರಾವಣ ಹಚ್ಚಿದರು, ಕಂದು ಇದ್ದದ್ದು ಕಣ್ಣೆದುರೇ ಕಪ್ಪಾಯಿತು. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕತ್ತಿ ಕಪ್ಪಾಗುತ್ತದಲ್ಲ, ಅದೇ ವಿದ್ಯೆ. ಬಾಳೆಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ತುಕ್ಕು ತಡೆಯುವ ಇಂಥ ಎಷ್ಟೋ ದ್ರಾವಣಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ. ಆಮೇಲೆ ಸತುವಿನ ಪ್ರೈಮರ್, ಅದರ ಮೇಲೆ ಎರಡು ಕೋಟು ಬಣ್ಣ, ಸೇರುವಲ್ಲೆಲ್ಲ ಸೀಲಂಟ್. ಒಟ್ಟು ಬಿಲ್ 9,400 ರೂಪಾಯಿ. ಆ ಕೆಂಪು ಹೊಲಿಗೆಯ ಮ್ಯಾಟಿಗೆ ಭಾವ ಕೊಟ್ಟದ್ದು ಅದರ ಅರ್ಧಕ್ಕಿಂತ ಜಾಸ್ತಿ.

ಡಿಕ್ಕಿಯನ್ನು ಸಾಮಾನಿನಿಂದ ಕಾಪಾಡುವ ಮಾತಾಯಿತು. ಡಿಕ್ಕಿಯ ಸಾಮಾನಿನಿಂದ ನಮ್ಮನ್ನು ಕಾಪಾಡಿಕೊಳ್ಳುವುದು ಅದಕ್ಕಿಂತ ದೊಡ್ಡದು. ಸೆಡಾನ್ ಕಾರಿನಲ್ಲಿ ಡಿಕ್ಕಿಗೂ ಜನರಿಗೂ ನಡುವೆ ಒಂದು ಗೋಡೆ ಇರುತ್ತದೆ. ಈ ಗಾಡಿಗಳಲ್ಲಿ ಇಲ್ಲ. ಸೀಟಿನ ಬೆನ್ನಿನ ಮೇಲೆ ಏನಿದೆಯೋ ಅದು ನೇರ ತಲೆಯ ಹಿಂದೆ. ಲೆಕ್ಕ ಹಾಕಿ: ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಗುದ್ದಿ ಅರ್ಧ ಮೀಟರಿನೊಳಗೆ ಗಾಡಿ ನಿಂತರೆ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಇಪ್ಪತ್ತು ಪಟ್ಟಿನಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಹತ್ತು ಕಿಲೋ ಅಕ್ಕಿ ಚೀಲ ಇನ್ನೂರು ಕಿಲೋದ ಹಾಗೆ. ಅರ್ಧ ಕಿಲೋ ತೆಂಗಿನಕಾಯಿ ಹತ್ತು ಕಿಲೋದ ಹಾಗೆ, ಅದೂ ಗುಂಡಿನಂತೆ.

ಗುದ್ದುವುದೇ ಬೇಡ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸಡಿಲ ಬಿಟ್ಟ ಸಾಮಾನು ಒಂದು ತಿರುವಿಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಎತ್ತರದ, ಅಗಲ ಕಮ್ಮಿಯ ಗಾಡಿ ಮೊದಲೇ ವಾಲುತ್ತದೆ, ಮೇಲೆ ಭಾರವೂ ಅದೇ ಕಡೆಗೆ ಓಡಿದರೆ ಸ್ಟೀರಿಂಗ್ ಹಿಡಿದವರಿಗೇ ಗೊತ್ತು.

ನಮ್ಮೂರಿನ ಡೇರೆ ಮೇಳದವರು ಸಾಮಾನು ಹೇರುವುದನ್ನು ಒಮ್ಮೆ ನಿಂತು ನೋಡಬೇಕು. ಸಾಲಿಗ್ರಾಮ ಮೇಳ ತಿರುಗಾಟದ ಕಾಲದಲ್ಲಿ ಇವತ್ತು ಈ ಊರು, ನಾಳೆ ಆ ಊರು. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ನಿದ್ದೆಗಣ್ಣಲ್ಲೇ ಪೆಟ್ಟಿಗೆಗಳು ಲಾರಿ ಹತ್ತುತ್ತವೆ. ನಾನು ನೋಡಿದ ಸಲ ಭಾರದ್ದೆಲ್ಲ ಅಡಿಗೆ, ಕಿರೀಟ ಆಭರಣದ ಪೆಟ್ಟಿಗೆ ಮೇಲಕ್ಕೆ, ನಡುವಿನ ಸಂದಿಗೆ ಡೇರೆಯ ಬಟ್ಟೆ. ಒಂದು ಪೆಟ್ಟಿಗೆಯೂ ಅಲ್ಲಾಡುವಂತಿಲ್ಲ. ಡಿಕ್ಕಿಗೂ ಅದೇ ಕ್ರಮ ಸಾಕು. ಅಕ್ಕಿ ಚೀಲ, ಎಣ್ಣೆ ಕ್ಯಾನು ಅಡಿಗೆ, ಸೀಟಿನ ಬೆನ್ನಿಗೆ ಒತ್ತಿ. ಹಗುರದ್ದು ಮೇಲೆ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನೂ ಬೇಡ. ತೆಂಗಿನಕಾಯಿ ಚೀಲದ ಬಾಯಿ ಕಟ್ಟಿರಲಿ. ಮೇಲಿಂದ ಒಂದು ಕಾರ್ಗೋ ನೆಟ್ ಎಳೆದು ನಾಲ್ಕು ಕೊಕ್ಕೆಗೆ ಸಿಕ್ಕಿಸಿ. ಎಳೆದರೆ ಹಿಗ್ಗುವ ಬಂಜೀ ಹಗ್ಗ ಹಗುರದ್ದಕ್ಕೆ ಸರಿ, ಅಕ್ಕಿ ಚೀಲಕ್ಕೆ ಪಟ್ಟಿಯೇ ಬೇಕು.

ಮೀನು ಬೇಡ ಅಂತ ನಾನು ಹೇಳಿ ನೋಡಿದೆ. ಅಮ್ಮ ಒಪ್ಪಲಿಲ್ಲ. ‘ಮೀನ್ ಕಳ್ಸದೆ ಇಪ್ಪುದ್ ಹ್ಯಾಂಗೆ? ಮಾಣಿಗ್ ಬಂಗ್ಡಿ ಅಂದ್ರೆ ಜೀವ.’ ಹಾಗಾಗಿ ಥರ್ಮಾಕೋಲ್ ಹೋಗಿ ಮುಚ್ಚಳ ಗಟ್ಟಿ ಇರುವ ಐಸ್ ಬಾಕ್ಸ್ ಬಂತು. ಮೀನು ಮೊದಲೇ ತೊಳೆದು, ಕೊಯ್ದು, ಎರಡು ಕವರಿನಲ್ಲಿ. ಬಾಕ್ಸು ಟ್ರೇಯ ಒಳಗೆ, ಟ್ರೇ ನೆಲದ ಮೇಲೆ. ಮಿಡಿ ಭರಣಿಯನ್ನು ಅಮ್ಮ ಹಳೇ ಕುಕ್ಕರಿನ ಒಳಗೆ ಕೂರಿಸಿ, ಸುತ್ತ ಹಳೇ ಸೀರೆ ತುರುಕಿ ಕೊಡುತ್ತಾರೆ. ಇದನ್ನು ಯಾವ ಆಕ್ಸೆಸರಿ ಅಂಗಡಿಯವರೂ ಹೇಳಿಕೊಟ್ಟದ್ದಲ್ಲ.

ಪಕ್ಕದ ಪ್ಲಾಸ್ಟಿಕ್ ಪ್ಯಾನೆಲ್‌ಗೆ ಗೀರು ಬೀಳುತ್ತದೆ, ಅದಕ್ಕೇನು ಮಾಡುವುದು ಅಂತ ನನ್ನ ಆಫೀಸಿನ ಹುಡುಗ ಒಬ್ಬ ಕೇಳಿದ. ಬೀಳಲಿ ಬಿಡಿ. ಗೀರು ಬಿದ್ದ ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲ.

ಅವನೇ ಈಗ ಹಳೇ ಜಿಪ್ಸಿ ಹುಡುಕುತ್ತಿದ್ದಾನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಂಗಳೂರು, ಉಡುಪಿ, ಗೋವಾ ನೋಂದಣಿಯ ಗಾಡಿಯಾದರೆ ಎಂಜಿನ್ ಶಬ್ದ ಕೇಳುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ. ಎತ್ತಲು ಬಿಡದವರ ಹತ್ತಿರ ವ್ಯಾಪಾರವೇ ಬೇಡ. ಮೊಬೈಲ್ ಟಾರ್ಚ್ ಹಿಡಿದು ಸೀಟಿನ ಬೋಲ್ಟಿನ ಸುತ್ತ ನೋಡಿ, ಬಣ್ಣ ಗುಳ್ಳೆ ಎದ್ದಿದ್ದರೆ ಅಡಿಯಲ್ಲಿ ತುಕ್ಕು ಇದೆ ಅಂತಲೇ ಲೆಕ್ಕ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಎತ್ತುತ್ತದೆ. ಗಾಡಿಯ ಅಡಿಗೆ ಮಲಗಿ ಅದೇ ಜಾಗವನ್ನು ಕೆಳಗಿಂದ ನೋಡಿ. ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಹೊಡೆದಿದ್ದರೆ ಯಾವಾಗ, ಯಾಕೆ ಹೊಡೆದದ್ದು ಅಂತ ಕೇಳಿ. ಬೆರಳ ಗಂಟಿನಿಂದ ತಟ್ಟಿ. ಟಣ್ ಅನ್ನಬೇಕು.

ಭಾವನ ಗಾಡಿ ಈಗ ಓಡಾಡುತ್ತಿದೆ. ಮಾಣಿ ಅದೇ ಬಲಗಡೆಯ ಸೀಟಿನಲ್ಲೇ ಕೂರುತ್ತಾನೆ. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ತನ್ನಿ, ಸೀಟು ಬಿಚ್ಚಿ ವೆಲ್ಡಿಂಗ್ ಜಾಗ ಕಾಂಬ ಅಂತ ಕೋಟದವರು ಹೇಳಿದ್ದಾರೆ. ಅದಕ್ಕೆ ಹಣ ಬೇಡವಂತೆ. ಅಮ್ಮ ಅವರ ಮನೆಗೂ ಒಂದು ಭರಣಿ ಮಿಡಿ ಕಟ್ಟಿಟ್ಟಿದ್ದಾರೆ.